ಹಿನ್ನೀರಿನ ದಿಬ್ಬದ ಮೊಟ್ಟೆಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹತ್ತರಗಿ ಸಮೀಪದ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ರವಿವಾರಕ್ಕೊಮ್ಮೆ ನಾವು ಐದಾರು ಮಂದಿ ಹಿಡಕಲ್ ಹಿನ್ನೀರಿಗೆ ಹೋಗಿ ಹಕ್ಕಿ ಎಣಿಸುತ್ತಿದ್ದೆವು. ಬೇಸಿಗೆಯಲ್ಲಿ ನೀರು ಇಳಿದರೆ ನಡುವೆ ಮರಳು ದಿಬ್ಬಗಳು ಏಳುತ್ತಿದ್ದವು. ಕಪ್ಪು ನೆತ್ತಿಯ, ಹಳದಿ ಕೊಕ್ಕಿನ ರೀವ ಹಕ್ಕಿಗಳು ಅಲ್ಲಿ ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತಿದ್ದವು.

ದಂಡೆಯ ಮೆಕ್ಕಲು ಮಣ್ಣಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ದಿನವೂ ಅಲ್ಲೇ ಇರುತ್ತಿದ್ದಳು. ನಾವೆಲ್ಲ ಅವಳನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಎನ್ನುತ್ತಿದ್ದೆವು. ಅವಳಿಗೆ ಓದುಬರಹ ಬಾರದು. ದಿಬ್ಬಗಳ ನಕ್ಷೆ ಬರೆದ ಹಾಳೆಗಳನ್ನು ಕೊಟ್ಟಿದ್ದೆ. ಗೂಡು ಕಂಡಲ್ಲಿ ಅವಳು ಚುಕ್ಕಿ ಇಡುತ್ತಿದ್ದಳು.

ಪರೀಕ್ಷೆಯ ಗಡಿಬಿಡಿಯಲ್ಲಿ ಕೆಲವು ವಾರ ಹೋಗಲಾಗಲಿಲ್ಲ. ಊರಿಗೆ ಬರುವವರ ಕೈಯಲ್ಲಿ ಅವಳ ಹಾಳೆ ಮಾತ್ರ ತಪ್ಪದೆ ಬರುತ್ತಿತ್ತು, ದೊಡ್ಡ ದಿಬ್ಬದ ತುಂಬ ಚುಕ್ಕಿ. ಕೊನೆಗೆ ತೆಪ್ಪದಲ್ಲಿ ಹೋಗಿ ನೋಡಿದರೆ ಅಲ್ಲಿ ಒಂದು ಮೊಟ್ಟೆಯೂ ಇಲ್ಲ.

"ತತ್ತಿ ಎಲ್ಲಿ ಹ್ವಾದುವು, ಕಾಕು?"

"ನನಗೇನ ಗೊತ್ತರಿ, ಮಾಸ್ತರ್ರ? ಹಕ್ಕಿ ನನ್ನ ಕೇಳಿ ಇಡತಾವೇನು?" ಎಂದು ಬಳ್ಳಿ ಸರಿಮಾಡುತ್ತ ಕುಳಿತಳು. ನನ್ನ ಮುಖ ನೋಡಲಿಲ್ಲ.

ಅವಳೇ ಮೊಟ್ಟೆ ತೆಗೆದು ಮಾರುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಯಾರಿಗೂ ಹೇಳದೆ, ಒಂದು ಬುಧವಾರ ನಸುಕಿನಲ್ಲೇ ಸೈಕಲ್ ತುಳಿದು ಜಾಲಿ ಗಿಡಗಳ ಮರೆಯಲ್ಲಿ ಕುಳಿತೆ. ಬೆಳಕು ಹರಿಯುತ್ತಲೇ ಕಾಕು ಬುಟ್ಟಿ ಹಿಡಿದು ಮೊಳಕಾಲುದ್ದ ನೀರಿಗಿಳಿದಳು. ದೊಡ್ಡ ದಿಬ್ಬದತ್ತ ಹೋಗಲಿಲ್ಲ. ತಿರುವಿನ ಆಚೆಯ ಸಣ್ಣ ದಿಬ್ಬದ ಕಡೆ ನಡೆದಳು. ನಾನೂ ಹಿಂದೆಯೇ ಹೋದೆ. ತಲೆಯ ಮೇಲೆ ರೀವಗಳ ಚೀರಾಟ ಎದ್ದಿತು. ಅವಳು ಬುಟ್ಟಿಯಲ್ಲಿದ್ದ ಮುಳ್ಳಿನ ಕೊಂಬೆಗಳನ್ನು ದಿಬ್ಬದ ಅಂಚಿಗೆ ಹರಡುತ್ತಿದ್ದಳು, ನಾಯಿ ಬಾರದಂತೆ. ಮುಂದೆ ಮರಳಿನ ಕುಳಿಗಳಲ್ಲಿ ಮೊಟ್ಟೆಗಳಿದ್ದವು.

"ಇವತ್ತ ಐತವಾರ ಅಲ್ಲಲ್ರಿ," ಎಂದಳು ತಿರುಗಿ ನೋಡಿ. "ಕಳ್ಳನಂಗ ಯಾಕ ಬಂದೀರಿ?"

ನನಗೆ ಸಿಟ್ಟು ಬಂತು. "ನೀವು ಹಾಳ್ಯಾಗ ಸುಳ್ಳ ಯಾಕ ಹಾಕೀರಿ?"

"ಮದಲ ಖರೆನ ಹಾಕಿದ್ದೆ. ಅದನ್ನ ನೀವು ಚಾದಂಗಡಿ ಗ್ವಾಡಿಗೆ ಅಂಟಿಸಿದ್ರಿ. ಮೂರ ದಿನಕ್ಕ ಕತ್ತಲಾಗ ಇಬ್ಬರು ಬಂದು ದೊಡ್ಡ ದಿಬ್ಬದ ತತ್ತಿ ಎಲ್ಲಾ ಬಳಕೊಂಡು ಹ್ವಾದ್ರು. ನಿಮ್ಮ ಮಂದಿನ ಇರಬೇಕ ಅಂತ ತಿಳಿದೆ. ನಿಮ್ಮ ಮ್ಯಾಲೂ ಸಂಶೆ ಇತ್ತು. ಅದಕ್ಕ ಆಮ್ಯಾಲ ಖಾಲಿ ದಿಬ್ಬದ ಮ್ಯಾಲನ ಚುಕ್ಕಿ ಹಾಕಿದೆ."

ಹೆದ್ದಾರಿ ಬದಿಯ ಆ ಅಂಗಡಿಯಲ್ಲಿ ಹತ್ತೂರಿನ ಜನ ಚಹಾ ಕುಡಿಯುತ್ತಿದ್ದರು. ಊರವರು ಹೆಮ್ಮೆಪಡಲಿ ಎಂದು ನಾನೇ ಅಂಟು ಕಲಸಿ ಹಚ್ಚಿದ್ದೆ.

ಅದೇ ಬೆಳಿಗ್ಗೆ ನಕ್ಷೆಯನ್ನು ಕಿತ್ತುಹಾಕಿದೆ. ಆಮೇಲೆ ಎಷ್ಟು ಎಂದಷ್ಟೇ ಬರೆದೆವು. ಎಲ್ಲಿ ಎಂದು ಬರೆಯಲಿಲ್ಲ. ಆದರೆ ಆ ಇಬ್ಬರು ಯಾರೆಂದು ತಿಳಿಯಲೇ ಇಲ್ಲ. ನಮ್ಮೊಳಗೇ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವಂತಾಯಿತು. ನಮ್ಮ ಜೊತೆ ಎಣಿಸಲು ಬರುತ್ತಿದ್ದ ಮೀನುಗಾರನೊಬ್ಬನನ್ನು ನಾನು ಒಮ್ಮೆ ಕೆದಕಿ ಕೇಳಿದೆ. ಅವನು ಮುನಿಸಿಕೊಂಡು ಎಣಿಕೆಗೆ ಬರುವುದನ್ನೇ ಬಿಟ್ಟ. ತಪ್ಪಾಯಿತೆಂದು ಹೇಳಲು ಹೋದಾಗಲೂ ಅವನು ಬಲೆಯಿಂದ ತಲೆ ಎತ್ತಲಿಲ್ಲ.

ಮಳೆಗಾಲಕ್ಕೆ ಮುಂಚೆ ಕಾಕು ಒಂದು ದಿನ ತಾನಾಗಿ ನನ್ನನ್ನು ಸಣ್ಣ ದಿಬ್ಬಕ್ಕೆ ಕರೆದಳು. "ನೀವೊಬ್ಬರ ಬರ್ರಿ. ಕಾಲ ನೋಡಿ ಇಡ್ರಿ," ಎಂದಳು. ಮೊದಲು ನನಗೆ ಮರಳು ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಮರಳಿನ ಬಣ್ಣದ ಮರಿಯೊಂದು ಎದ್ದು ನೀರಿನತ್ತ ಓಡಿತು.