ದೇವರ ಎತ್ತುಗಳಿಗೆ ಮಾಲೀಕ ಯಾರು

ಅಪ್ಪ ಕಾಲಿಗೆ ಚಪ್ಪಲಿ ಹಾಕಿದ್ದನ್ನು ನಾನು ಬುದ್ಧಿ ಬಂದಾಗಿನಿಂದ ಕಂಡಿರಲಿಲ್ಲ. ಅವನು ನಮ್ಮ ಹಟ್ಟಿಯ ದೇವರ ಎತ್ತುಗಳ ಕಿಲಾರಿ, ಅಂದರೆ ಅವನ್ನು ಕಾಯುವವನು. ಆ ಹಿಂಡಿನ ಹಸುಗಳ ಹಾಲು ಕರೆಯುವುದಿಲ್ಲ, ಎತ್ತುಗಳನ್ನು ಹೊಲಕ್ಕೆ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಅವು ದೇವರವು, ಅಷ್ಟೇ. ಕಿಲಾರಿಯಾದವನು ಬರಿಗಾಲಲ್ಲೇ ಇರಬೇಕು. ಮುಳ್ಳು ಹೊಕ್ಕರೆ ಅಲ್ಲೇ ಕೂತು ಕಿತ್ತುಕೊಂಡು ಮುಂದೆ ನಡೆಯಬೇಕು. ಎತ್ತುಗಳನ್ನು ಕೂಡುವ ರೊಪ್ಪದೊಳಗೆ ಹೆಂಗಸರು ಕಾಲಿಡುವಂತಿಲ್ಲ. ಹಾಗಾಗಿ ಅಪ್ಪನ ಕೆಲಸವನ್ನೆಲ್ಲ ನಾನು ಮುಳ್ಳುಬೇಲಿಯ ಆಚೆಯಿಂದಲೇ ನೋಡಿದವಳು.

ಹೆಬ್ಬೆಟ್ಟಿನ ಅಪ್ಪ ನನ್ನನ್ನು ಹಟ ಹಿಡಿದು ರಾಂಪುರದಲ್ಲಿ ಓದಿಸಿದ. ಕುದಾಪುರದ ಕಡೆ ದೊಡ್ಡ ದೊಡ್ಡ ವಿಜ್ಞಾನಿಗಳು ಬರುತ್ತಾರೆ ಎಂದು ಮೇಷ್ಟ್ರು ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಬೇಸಿಗೆಯಲ್ಲಿ ನಮ್ಮ ಎತ್ತುಗಳು ಅಲ್ಲಿಯವರೆಗೂ ಮೇಯಲು ಹೋಗುತ್ತಿದ್ದವು. ಆಮೇಲೆ ವಿಜ್ಞಾನಿಗಳ ಕಟ್ಟಡಗಳಿಗೆಂದು ಆ ಹುಲ್ಲುಗಾವಲಿನ ಸುತ್ತ ಗೋಡೆ ಬಂತು, ಎತ್ತುಗಳ ದಾರಿ ಅಲ್ಲಿಗೇ ನಿಂತಿತು. ಹಾಗಾದರೆ ನಾನು ಚಪ್ಪಾಳೆ ತಟ್ಟಿದ್ದು ತಪ್ಪೇ? ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಓದಿದ್ದಕ್ಕೆ ಸಿಕ್ಕ ಕೆಲಸವೆಂದರೆ ಪಶು ಆಸ್ಪತ್ರೆಯವರ ಜೊತೆ ಊರೂರು ತಿರುಗಿ, ದನಗಳ ಕಿವಿಗೆ ನಂಬರ್ ಇರುವ ಹಳದಿ ಓಲೆ ಹಾಕಿಸಿ, ಮೊಬೈಲಿನಲ್ಲಿ ವಿವರ ತುಂಬುವುದು. ಕಳೆದ ಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಮುಗಿಯಿತು. ಸರ್ಕಾರದ ಮೇವು ಬೇಕೆಂದರೆ ಕಿವಿಯೋಲೆ ಆಗಲೇಬೇಕು. ದೇವರ ಎತ್ತಿನ ಕಿವಿ ಚುಚ್ಚುವುದುಂಟೇ? ಹಿರಿಯರು ಗುಡಿಯಲ್ಲಿ ಹೂ ಕೇಳಿದರು. ಬಲಗಡೆಯ ಹೂ ಬಿತ್ತು, ಅಪ್ಪಣೆಯಾಯಿತು. ಬದುಕಿದೆ ಅಂದುಕೊಂಡೆ. ಗಂಡಸರು ಒಳಗೆ ಓಲೆ ಹಾಕಿ ನಂಬರ್ ಕೂಗಿದರು, ನಾನು ಬೇಲಿಯಾಚೆ ಕೂತು ತುಂಬಿದೆ.

'ಮಾಲೀಕರ ಹೆಸರು' ಎಂಬ ಜಾಗ ಬಂತು. ದೇವರ ಹೆಸರು ಹಾಕಿದೆ, ಆಧಾರ್ ನಂಬರ್ ಕೇಳಿತು. ಖಾಲಿ ಬಿಟ್ಟೆ, ಮುಂದಕ್ಕೇ ಹೋಗಲಿಲ್ಲ. ಅಪ್ಪನ ಆಧಾರ್ ನಂಬರ್ ನನಗೆ ಬಾಯಿಪಾಠ. ಎಲ್ಲ ಎತ್ತುಗಳಿಗೂ ಅವನ ಹೆಸರು, ನಂಬರನ್ನೇ ತುಂಬಿ ಮುಗಿಸಿದೆ. ಯಾರಿಗೂ ಹೇಳಲಿಲ್ಲ. ಇದರಲ್ಲಿ ಹೇಳುವಂಥದ್ದೇನಿದೆ ಅಂದುಕೊಂಡೆ. ನನ್ನ ಜಾಣತನಕ್ಕೆ ಬೆಂಕಿ ಬೀಳ.

ಮೇವಿನ ಟ್ರ್ಯಾಕ್ಟರ್ ಬಂದ ದಿನ, ಹಂಚಲು ಬಂದಿದ್ದ ಗುಮಾಸ್ತ ಅಪ್ಪನ ಹೆಸರು ಕೂಗಿ, "ಮಾಲೀಕ್ರು ಬಂದು ಹೆಬ್ಬೆಟ್ಟು ಒತ್ರಿ" ಅಂದ.

"ಯಾತರ ಮಾಲೀಕ?" ಅಂದ ಅಪ್ಪ.

"ಈ ಎತ್ತುಗಳ್ದು. ಎಲ್ಲಾ ನಿಮ್ಮ ಹೆಸ್ರಲ್ಲೇ ಐತೆ ನೋಡ್ರಿ."

"ದೇವ್ರವು ಸ್ವಾಮಿ ಇವು. ನಂದೇನೈತೆ ಇದ್ರಾಗೆ?"

"ಹಂಗಾದ್ರೆ ಮೇವು ಯಾರಿಗೆ ಇಳಿಸ್ಲಿ? ವಾಪಸ್ ಹೋಗ್ತೀನಿ, ಹೇಳ್ರಿ."

ರೊಪ್ಪದೊಳಗೆ ಎತ್ತುಗಳು ಮೇವಿನ ವಾಸನೆ ಹಿಡಿದು ಕೂಗತೊಡಗಿದ್ದವು. ಅಪ್ಪ ನನ್ನ ಕಡೆ ತಿರುಗಿ, "ನೀನಾ ಬರ್ದಿದ್ದು?" ಅಂದ. ಹೂಂ ಅಂದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಹೋಗಿ ಹೆಬ್ಬೆಟ್ಟು ಒತ್ತಿದ. ಮೇವು ಇಳಿಯಿತು, ಎತ್ತುಗಳು ಹೊಟ್ಟೆ ತುಂಬ ತಿಂದವು. ನೋಡಿ ನನಗೆ ಸಂತೋಷವಾಯಿತು. ಅಪ್ಪನ ಕಡೆ ಮಾತ್ರ ನೋಡಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ತನ್ನ ಕಿಲಾರಿ ಕೋಲನ್ನು ಗುಡಿಯಲ್ಲಿಟ್ಟು, ಕೆಲಸ ಬಿಟ್ಟು ಬಂದ. ಹಿರಿಯರು ಎಷ್ಟು ಹೇಳಿದರೂ ಕೇಳಲಿಲ್ಲ. "ನಂದು ಅಂತ ಹೆಬ್ಬೆಟ್ಟು ಒತ್ತಿದ ಮ್ಯಾಲೆ ನಾನು ಕಿಲಾರಿ ಹೆಂಗಾಗ್ತೀನಿ?" ಅಂದನಂತೆ.

ಅಪ್ಪನ ಹೆಸರು ತೆಗೆಸಲು ಮೊಳಕಾಲ್ಮೂರಿನ ಪಶು ಆಸ್ಪತ್ರೆಗೆ ಎರಡು ಸಲ ಅಲೆದೆ. ತೆಗೆಯೋಣ, ಅಲ್ಲಿ ಯಾರ ಹೆಸರು ಹಾಕೋಣ ಎಂದು ಕೇಳುತ್ತಾರೆ. ಅಪ್ಪನ ಜಾಗಕ್ಕೆ ಬಂದ ಹೊಸ ಕಿಲಾರಿಯ ಹೆಸರು ಹಾಕಿದರೆ ಅವನೂ ಕೋಲು ಇಟ್ಟುಬಿಟ್ಟರೆ? ಹಾಕದಿದ್ದರೆ ಮುಂದಿನ ಮೇವು ಹೇಗೆ ಬರುತ್ತದೆ? ಎರಡು ಸಲವೂ ಬಸ್ಸು ಹತ್ತಿ ಬರಿಗೈಯಲ್ಲಿ ವಾಪಸ್ ಬಂದೆ.

ಮೊನ್ನೆ ಅವ್ವ ಚಳ್ಳಕೆರೆಯ ಸಂತೆಯಿಂದ ಅಪ್ಪನಿಗೊಂದು ಜೊತೆ ಚಪ್ಪಲಿ ತಂದಳು. ಅಪ್ಪ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡಿದ್ದ.

"ಯಾವ್ದು ಯಾವ ಕಾಲಿಗೆ, ನೋಡವ್ವಾ. ನೀನು ಓದಿದೋಳು" ಅಂದ ನನಗೆ.

ನಾನು ಕೆಳಗೆ ಕೂತು, ನನ್ನ ಕೈಯಾರೆ ಅವನ ಕಾಲಿಗೆ ಚಪ್ಪಲಿ ತೊಡಿಸಿದೆ.