ಐನೂರು ಗುಂಡಿನ ಡೆಲ್ಬರ್ಟ್

ಹಿಕರಿ ಫೋರ್ಡ್ ಎಂಬ ಊರಿನಲ್ಲಿ ಪಿಸ್ತೂಲು ಕೊಳ್ಳುವವರು ಹೆಂಡತಿಯನ್ನು ಕೇಳುತ್ತಿದ್ದರೋ ಇಲ್ಲವೋ, ಡೆಲ್ಬರ್ಟ್ ಸ್ಟಕಿಯನ್ನಂತೂ ಕೇಳಿಯೇ ಕೇಳುತ್ತಿದ್ದರು. ಹೆದ್ದಾರಿಯ ಪಕ್ಕದಲ್ಲಿ ರಸ್ಟಿಯ ಬಂದೂಕಿನ ಅಂಗಡಿ, ಅದರ ಬೆನ್ನಿಗೆ ಅಂಟಿಕೊಂಡಂತೆ ಆರು ಸಾಲಿನ ಫೈರಿಂಗ್ ರೇಂಜ್. ಇವೆರಡರ ನಡುವಿನ ಗಾಜಿನ ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಅವನು ಕೂತಿರುತ್ತಿದ್ದ. ವಯಸ್ಸು ಅರವತ್ತಮೂರು. ಗ್ಯಾಸ್ ಪೈಪು ಜೋಡಿಸುವ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಅವನು ಸೈನ್ಯದಲ್ಲಿರಲಿಲ್ಲ, ಪೊಲೀಸಿನಲ್ಲಿರಲಿಲ್ಲ, ಜೀವಮಾನದಲ್ಲಿ ಒಬ್ಬ ಕಳ್ಳನೂ ಅವನ ಮನೆಯತ್ತ ಸುಳಿದಿರಲಿಲ್ಲ. ಆದರೂ ಮನೆಗೆ ನುಗ್ಗಿದವನನ್ನು ಹೇಗೆ ಎದುರಿಸಬೇಕೆಂದು ಅವನು ಹೇಳತೊಡಗಿದರೆ ಕೇಳುವವರ ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಗುತ್ತಿತ್ತು.

ಜನರ ಬಗ್ಗೆ ಅವನಿಗಿದ್ದದ್ದು ಒಂದೇ ಅಭಿಪ್ರಾಯ: ಯಾರಿಗೂ ಏನೂ ಗೊತ್ತಿಲ್ಲ. ವಿಡಿಯೋ ನೋಡಿ ಬರುವ ಹುಡುಗರಿಗೆ ಏನೂ ಗೊತ್ತಿಲ್ಲ. ನಿವೃತ್ತ ಪೊಲೀಸರಿಗೆ ಅದಕ್ಕಿಂತಲೂ ಕಡಿಮೆ ಗೊತ್ತು. ಹೆಂಡತಿಗೆಂದು ಗುಲಾಬಿ ಬಣ್ಣದ ಪಿಸ್ತೂಲು ಕೇಳುವ ಗಂಡಂದಿರನ್ನು, ಜೊತೆಗೊಂದು ಗೊಂಬೆಯನ್ನೂ ಕಟ್ಟಿಕೊಡಲೇ ಎಂದು ಕೇಳುತ್ತಿದ್ದ. ಗುರಿ ತಪ್ಪಿದವರಿಗೆ ಅವನದು ಒಂದೇ ಔಷಧಿ. ಗುಂಡು ಕೆಳಗೆ ಎಡಕ್ಕೆ ಬಿತ್ತೆಂದರೆ ಪಿಸ್ತೂಲಿನ ಕುದುರೆಯನ್ನು, ಅಂದರೆ ಟ್ರಿಗರನ್ನು, ಮೆಲ್ಲಗೆ ಒತ್ತದೆ ಜಗ್ಗಿದ್ದೀರಿ ಎಂದರ್ಥ. ತಪ್ಪು ಪಿಸ್ತೂಲಿನದಲ್ಲ, ಹಿಡಿದವರದು. ಬಲಗೈಯವರ ವಿಷಯದಲ್ಲಿ ಇದು ಹತ್ತಕ್ಕೆ ಒಂಬತ್ತು ಸಲ ನಿಜವೂ ಹೌದು. ಆ ಹತ್ತನೆಯದನ್ನು ಹುಡುಕುವ ಗೋಜಿಗೆ ಅವನು ಎಂದೂ ಹೋದವನಲ್ಲ.

ಹೊಸ ಪಿಸ್ತೂಲು ಅಂಗಡಿಗೆ ಬಂದರೆ ಅದನ್ನು ಪರೀಕ್ಷಿಸುವುದು ಅವನ ಹಕ್ಕು. ಗುರುವಾರಗಳಂದು ಆರನೆಯ ಸಾಲಿನಲ್ಲಿ ನಿಂತು ಐನೂರು ಗುಂಡು ಹೊಡೆದು, ದಪ್ಪಕ್ಷರದಲ್ಲಿ ಒಂದು ಹಾಳೆ ಬರೆದು, ಕೌಂಟರಿನ ಗಾಜಿಗೆ ಅಂಟಿಸುತ್ತಿದ್ದ. ಒಂದಕ್ಕೆ ‘ಬಾಗಿಲು ಬಡಿಯದಂತೆ ಒತ್ತಿಡಲು ಒಳ್ಳೆಯ ಭಾರ’ ಎಂದು ಬರೆದಿದ್ದ. ಇನ್ನೊಂದಕ್ಕೆ ‘ಕಳ್ಳನ ಮೇಲೆ ಎಸೆದರೆ ತಾಗೀತು, ಹೊಡೆದರೆ ಅನುಮಾನ’ ಎಂದು. ಸುತ್ತಲಿನ ನಾಲ್ಕು ಜಿಲ್ಲೆಗಳ ಜನ ಆ ಹಾಳೆ ಓದಿ ನಕ್ಕು, ಅದು ಹೇಳಿದ್ದನ್ನೇ ಕೊಳ್ಳುತ್ತಿದ್ದರು. ಇದರಿಂದ ಅವನ ತಲೆ ಎಷ್ಟು ತಿರುಗಿತ್ತೆಂದರೆ, ಚರ್ಚಿನ ಊಟದಲ್ಲಿ ಕರಿದ ಮೀನನ್ನು ಕೂಡ ಬೆರಳಲ್ಲಿ ಒತ್ತಿ ನೋಡಿ ತೀರ್ಪು ಕೊಡುತ್ತಿದ್ದ.

ಪಿಸ್ತೂಲಿನ ಮೇಲೆ ಕೂರಿಸುವ ಕೆಂಪು ಚುಕ್ಕೆಯ ಗಾಜನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಅಸಡ್ಡೆ. ಪುಟ್ಟ ಗಾಜಿನ ಕಿಟಕಿ, ಒಳಗೆ ಬೆಳಕಿನ ಒಂದು ಚುಕ್ಕೆ; ಚುಕ್ಕೆಯನ್ನು ಗುರಿಯ ಮೇಲಿಟ್ಟರೆ ಸಾಕು, ಗುಂಡು ಅಲ್ಲಿಗೇ ಹೋಗುತ್ತದೆ. ಕಣ್ಣಿಲ್ಲದವರ ಆಟಿಕೆ ಅದು ಎನ್ನುತ್ತಿದ್ದ. ಎರಡು ವರ್ಷದಿಂದ ಈ ಮಾತನ್ನು ಅವನು ಕಡಿಮೆ ಮಾಡಿದ್ದ. ಕಾರಣ ಯಾರಿಗೂ ಗೊತ್ತಿರಲಿಲ್ಲ. ಗುರಿ ಹಿಡಿಯಲೆಂದು ಪಿಸ್ತೂಲಿನ ಮೂತಿಯ ಮೇಲಿರುವ ಕಬ್ಬಿಣದ ಮೊನೆ ಅವನಿಗೆ ಈಗ ಹತ್ತಿಯ ಉಂಡೆಯಾಗಿ ಕಾಣುತ್ತಿತ್ತು. ಅವನ ಅಪ್ಪ ಅರವತ್ತೈದಕ್ಕೆ ಕಣ್ಣು ಕಳೆದುಕೊಂಡು, ಮುಂದಿನ ಹನ್ನೆರಡು ವರ್ಷ ಜಗಲಿಯ ಕುರ್ಚಿಯಲ್ಲಿ ಕೂತು, ತಟ್ಟೆಯಲ್ಲಿ ಏನಿದೆಯೆಂದು ಕೇಳಿ ಕೇಳಿ ಉಂಡು ಸತ್ತಿದ್ದ. ಆ ಕುರ್ಚಿ ಡೆಲ್ಬರ್ಟನ ಜಗಲಿಯಲ್ಲಿ ಇನ್ನೂ ಇತ್ತು. ಡಾಕ್ಟರ ಹತ್ತಿರ ಹೋಗುವಷ್ಟು ಧೈರ್ಯ, ಕಳ್ಳರನ್ನು ಎದುರಿಸುವ ಈ ಶೂರನಿಗೆ ಇರಲಿಲ್ಲ.

ಹೀಗಿರುವಾಗ ಮಾರ್ಚಿನಲ್ಲಿ ಒಂದು ಹೊಸ ಪಿಸ್ತೂಲು ಬಂತು. ದೊಡ್ಡ ಅಳತೆಯದು, ಜೇಬಿನಲ್ಲಿ ಅಡಗುವಂಥದ್ದಲ್ಲ. ಹಾಸಿಗೆಯ ಪಕ್ಕದ ಪೆಟ್ಟಿಗೆಗೆ, ಸೊಂಟದ ಪಟ್ಟಿಗೆ, ರೇಂಜಿನ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಚುಕ್ಕೆಯ ಗಾಜು ಕೂರಲೆಂದು ಅದರ ಬೆನ್ನನ್ನು ಕಾರ್ಖಾನೆಯಲ್ಲೇ ಕೊರೆದು ಕಳಿಸಿದ್ದರು. ಎರಡು ಸ್ಕ್ರೂ ಬಿಗಿದರೆ ಮುಗಿಯಿತು. ಡೆಲ್ಬರ್ಟ್ ಬಿಗಿದ. ಇಂತಿಷ್ಟೇ ಬಿಗಿ ಎಂದು ತೋರಿಸಲು ಟಕ್ಕೆನ್ನುವ ಅಳತೆಯ ತಿರುಪುಳಿ ಅಂಗಡಿಯಲ್ಲಿತ್ತು, ಪೆಟ್ಟಿಗೆಯ ಅಂಟನ್ನೂ ಬಿಚ್ಚದೆ ಬಿದ್ದಿತ್ತು. ಮೂವತ್ತು ವರ್ಷ ಗ್ಯಾಸ್ ಪೈಪು ಬಿಗಿದವನ ಮಣಿಕಟ್ಟಿಗೆ ಅಳತೆ ಹೇಳಿಕೊಡಲು ಅದ್ಯಾವ ತಿರುಪುಳಿ ಎಂಬುದು ಅವನ ವಾದ. ಸ್ಕ್ರೂ ಸಡಿಲಾಗದಂತೆ ಹಾಕುವ ಅಂಟಿನ ಹನಿಯನ್ನೂ ಹಾಕಲಿಲ್ಲ. ಐನೂರು ಗುಂಡು ಹೊಡೆದ. ಹತ್ತಿ ಉಂಡೆಯ ಗೊಡವೆಯಿಲ್ಲ, ಚುಕ್ಕೆ ಇಟ್ಟಲ್ಲಿ ಗುಂಡು. ಎರಡು ವರ್ಷದ ಮೇಲೆ ಮೊದಲ ಸಲ ಗುರಿಹಾಳೆಯ ನಡುಭಾಗ ಹರಿದು ಹೋಯಿತು. ಆ ಗುರುವಾರ ಅಂಟಿಸಿದ ಹಾಳೆಯಲ್ಲಿ ಗೇಲಿಯೇ ಇರಲಿಲ್ಲ. ‘ಇದಕ್ಕಿಂತ ಒಳ್ಳೆಯದು ಬೇಕೆನ್ನುವವನಿಗೆ ಪಿಸ್ತೂಲೇ ಬೇಡ’ ಎಂದು ಬರೆದಿದ್ದ. ಹೊಗಳಿದ್ದು ಪಿಸ್ತೂಲನ್ನಲ್ಲ, ತನ್ನ ಕಣ್ಣನ್ನು. ಓದಿದವರಿಗೆ ಅದು ಹೇಗೆ ತಿಳಿಯಬೇಕು.

ಓದಿದವರಲ್ಲಿ ನೆಲ್ಡಾ ಪ್ರೂಯಿಟ್ ಒಬ್ಬಳು. ನಲವತ್ತನಾಲ್ಕರ ಹೆಂಗಸು, ಹದಿನೇಳು ವರ್ಷ ಶಾಲೆಯ ಬಸ್ಸು ಓಡಿಸಿ ಸೊಂಟ ಹಾಳುಮಾಡಿಕೊಂಡು ಕೆಲಸ ಬಿಟ್ಟಿದ್ದಳು. ಜಿಲ್ಲಾ ಕೋರ್ಟಿನ ಬಾಗಿಲಲ್ಲಿ ಕಾವಲಿನ ಕೆಲಸ ಅವಳಿಗೆ ಹೆಚ್ಚುಕಡಿಮೆ ಸಿಕ್ಕಿಯೇ ಬಿಟ್ಟಿತ್ತು, ಗುರಿಯ ಪರೀಕ್ಷೆಯೊಂದು ಬಾಕಿ. ಐವತ್ತು ಗುಂಡಿನಲ್ಲಿ ನಲವತ್ತು ತಾಕಬೇಕು, ತಂದ ಪಿಸ್ತೂಲಿನಲ್ಲೇ ಮುಗಿಸಬೇಕು. ತಪ್ಪಿದರೆ ಅದೇ ದಿನ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಆರು ತಿಂಗಳು ಕಾಯಬೇಕು, ಕೆಲಸವಂತೂ ಅಷ್ಟು ದಿನ ಕಾಯುವುದಿಲ್ಲ. ಡೆಲ್ಬರ್ಟ್ ಅವಳಿಗೆ ತಾನು ಪರೀಕ್ಷಿಸಿದ ಪಿಸ್ತೂಲನ್ನೇ ಕೊಡಿಸಿದ. ಪಳಗಿದ ಎತ್ತಿನಂಥ ಪಿಸ್ತೂಲು, ಅವಳ ಭಾಗ್ಯ ಎಂದು ರಸ್ಟಿಗೆ ಹೇಳಿದ.

ನೆಲ್ಡಾಗೆ ಒಂದು ಕೆಟ್ಟ ಅಭ್ಯಾಸವಿತ್ತು, ಯಾವ ಸಾಮಾನು ಕೊಂಡರೂ ಜೊತೆಗೆ ಬಂದ ಪುಸ್ತಕವನ್ನು ಓದುತ್ತಿದ್ದಳು. ಎರಡನೆಯ ದಿನ ಬಂದಾಗ ಗಾಜಿನ ಎರಡೂ ಸ್ಕ್ರೂಗಳ ಮೇಲೆ ಕಿತ್ತಳೆ ಬಣ್ಣದ ಗೆರೆಗಳಿದ್ದವು. ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹಕ್ಕೆ ಎಳೆದ ಒಂದೇ ನೇರ ಗೆರೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಉಗುರಿಗೆ ಹಚ್ಚುವ ಬಣ್ಣದಲ್ಲೇ ಎಳೆದಿದ್ದಳು. ಶನಿವಾರದ ದಿನ, ಕೌಂಟರಿನ ಬದಿಯ ಬೆಂಚಿನಲ್ಲಿ ಡೆಲ್ಬರ್ಟನ ಮೂವರು ಗೆಳೆಯರು ಬಿಸ್ಕೆಟ್ ಎಂದು ಅಲ್ಲಿಯವರು ಕರೆಯುವ ಮೆತ್ತನೆಯ ಬನ್ನನ್ನು ಗ್ರೇವಿ ಸುರಿದುಕೊಂಡು ತಿನ್ನುತ್ತ ಕೂತಿದ್ದರು. ನೋಡುವವರಿದ್ದರೆ ಅವನಿಗೆ ನಾಲಗೆ ಉದ್ದ.

“ಏನ್ ಚಿನ್ನ ಇದು, ಪಿಸ್ತೂಲಿಗೆ ಮದುವೆ ಮಾಡ್ತಿದೀಯಾ?” ಎಂದ.

“ಸ್ಕ್ರೂ ಸಡಿಲಾದ್ರೆ ಗೊತ್ತಾಗ್ಲಿ ಅಂತ, ಮಿಸ್ಟರ್ ಡೆಲ್ಬರ್ಟ್. ಪುಸ್ತಕದಲ್ಲಿ ಹಾಗೇ ಮಾಡಿ ಅಂತ ಬರ್ದಿದಾರೆ.”

“ಪುಸ್ತಕ ಬರ್ದೋನು ನನ್ ಕೈ ನೋಡಿಲ್ಲ. ನಾನು ಬಿಗಿದದ್ದು ಸಡಿಲಾಗಲ್ಲ.”

ಹೀಗೆಂದು ಹೆಬ್ಬೆರಳಿನ ಉಗುರಿನಿಂದ ಎರಡೂ ಗೆರೆಗಳನ್ನು ಕೆರೆದು ತೆಗೆದು, ಊದಿ, ಪಿಸ್ತೂಲನ್ನು ಅವಳ ಮುಂದಿಟ್ಟ. ಬೆಂಚಿನವರು ಹೊಟ್ಟೆ ಕುಲುಕಿಸಿ ನಕ್ಕರು. ನೆಲ್ಡಾ ಪಿಸ್ತೂಲನ್ನು ಎತ್ತಿಕೊಂಡು ರೇಂಜಿಗೆ ನಡೆದಳು. ಪಾಪ, ಬಲ್ಲವನು ಎಂದು ನಂಬಿದ್ದಳು.

ಮೂರು ವಾರ ಅವಳು ದಿನಬಿಟ್ಟು ದಿನ ಬಂದು ಹೊಡೆದಳು. ಕೈ ಚೆನ್ನಾಗಿತ್ತು, ಐವತ್ತಕ್ಕೆ ನಲವತ್ತಾರು, ನಲವತ್ತೇಳು. ಇದೂ ತನ್ನ ಪಾಠದ ಫಲವೆಂದೇ ಡೆಲ್ಬರ್ಟ್ ಹೇಳಿಕೊಂಡ. ಅವನು ಕಲಿಸಿದ್ದು ಎಲ್ಲಿ ಕಾರು ನಿಲ್ಲಿಸಬೇಕು ಎಂಬುದನ್ನು ಮಾತ್ರ.

ಪರೀಕ್ಷೆ ಶುಕ್ರವಾರ. ಗುರುವಾರ ಮಧ್ಯಾಹ್ನ ಕೊನೆಯ ಅಭ್ಯಾಸಕ್ಕೆ ಬಂದವಳ ಗುಂಡುಗಳು ಕೆಳಗೆ ಎಡಕ್ಕೆ ಬೀಳತೊಡಗಿದವು. ಐವತ್ತಕ್ಕೆ ಮೂವತ್ತೊಂದು. ಗುರಿಹಾಳೆ ಹಿಡಿದು ಕೌಂಟರಿಗೆ ಬಂದಳು. ಡೆಲ್ಬರ್ಟ್ ಅದನ್ನು ಒಂದು ಸಲ ನೋಡಿ, ಗುಂಡು ಎಲ್ಲಿ ಬಿದ್ದರೆ ಕೈಯ ಯಾವ ತಪ್ಪು ಎಂದು ತೋರಿಸುವ ಗೋಡೆಯ ಮೇಲಿನ ಚಿತ್ರದತ್ತ ಕೈಮಾಡಿ, ನಾಳೆಯ ಭಯಕ್ಕೆ ಕುದುರೆ ಜಗ್ಗುತ್ತಿದ್ದೀಯ, ಹೋಗಿ ಸಿಹಿ ಚಹಾ ಕುಡಿದು ಮಲಗು ಎಂದ. ತಾನು ಜಗ್ಗುತ್ತಿಲ್ಲ, ಗಾಜೇ ಸರಿದಿರಬೇಕು ಎಂದಳು ಅವಳು. ಅವನು ಗಾಜನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದ. ಅಲುಗಲಿಲ್ಲ.

“ಆ ಗೆರೆ ಇದ್ದಿದ್ರೆ ನೋಡಿದ ತಕ್ಷಣ ಗೊತ್ತಾಗ್ತಿತ್ತು” ಎಂದಳು ನೆಲ್ಡಾ. “ಹೋಗ್ಲಿ, ನೀವೇ ಹತ್ತು ಗುಂಡು ಹೊಡೆದು ನೋಡಿ. ನಿಮ್ ಕೈಯಲ್ಲಿ ಸರಿಯಾಗಿ ಬಿದ್ರೆ ತಪ್ಪು ನಂದೇ ಅಂತ ಒಪ್ಕೋತೀನಿ.”

ಇದಕ್ಕಿಂತ ನ್ಯಾಯವಾದ ಮಾತು ಆ ಅಂಗಡಿಯಲ್ಲಿ ಯಾರೂ ಆಡಿರಲಿಲ್ಲ. ಡೆಲ್ಬರ್ಟ್ ಆರನೆಯ ಸಾಲಿಗೆ ಹೋಗಿ ಹತ್ತು ಗುಂಡು ಹೊಡೆದ. ಅವಳು ಗಾಜಿನ ಗೋಡೆಯ ಈಚೆ ನಿಂತಿದ್ದಳು. ತಂತಿಯ ಮೇಲೆ ಜಾರಿಕೊಂಡು ಬಂದ ಗುರಿಹಾಳೆಯನ್ನು ಹಿಡಿದು ನೋಡಿದ. ಎಲ್ಲ ಕೆಳಗೆ ಎಡಕ್ಕೆ ಚೆಲ್ಲಾಪಿಲ್ಲಿ. ಅಲ್ಲಿ ನಿಂತಿದ್ದವನ ಜಾಗದಲ್ಲಿ ದಡ್ಡನಿದ್ದರೂ ಇಬ್ಬರ ಗುಂಡೂ ಒಂದೇ ಕಡೆ ಬೀಳುತ್ತಿದೆ, ಅಂದರೆ ಕೆಟ್ಟಿರುವುದು ಪಿಸ್ತೂಲು ಎಂದುಕೊಳ್ಳುತ್ತಿದ್ದ. ಡೆಲ್ಬರ್ಟನಿಗೆ ಹೊಳೆದದ್ದು ಜಗಲಿಯ ಕುರ್ಚಿ. ಮುಗಿಯಿತು, ಚುಕ್ಕೆ ಕೂಡ ಇನ್ನು ತನ್ನ ಕಣ್ಣಿಗೆ ಸಿಗುವುದಿಲ್ಲ ಎಂದುಕೊಂಡ. ಹಾಳೆಯನ್ನು ಅಲ್ಲೇ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿಕೊಂಡು ಹೊರಗೆ ಬಂದ.

“ಹತ್ತಕ್ಕೆ ಹತ್ತು, ನಟ್ಟನಡುವೆ. ಪಿಸ್ತೂಲಿಗೇನೂ ಆಗಿಲ್ಲ ಚಿನ್ನ. ಹೋಗಿ ಮಲಗು” ಎಂದ.

ಹಾಳೆ ತೋರಿಸಿ ಎಂದು ಅವಳು ಕೇಳಲಿಲ್ಲ. ಅಷ್ಟು ವಯಸ್ಸಿನ ಮನುಷ್ಯ, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಸಾಲು ಸಾಲಿಗೆ ಬರುವವನು, ಎದುರು ನಿಂತು ಸುಳ್ಳು ಹೇಳುತ್ತಾನೆಂದು ಯಾರಿಗೆ ಅನ್ನಿಸೀತು.

ಶುಕ್ರವಾರ ಮೊದಲ ಸುತ್ತಿನಲ್ಲಿ ಅವಳಿಗೆ ಇಪ್ಪತ್ತೆಂಟು ಬಂತು. ಜಗ್ಗಬಾರದು, ಜಗ್ಗಬಾರದು ಎಂದು ತನ್ನ ಬೆರಳನ್ನೇ ಬೈದುಕೊಳ್ಳುತ್ತ ಹೊಡೆದ ಎರಡನೆಯ ಸುತ್ತಿನಲ್ಲಿ ಇಪ್ಪತ್ತೆರಡು. ಪರೀಕ್ಷೆ ಮಾಡುತ್ತಿದ್ದ ಪೊಲೀಸಿನವನಿಗೆ ಅವಳ ನಿಲುವು, ಹಿಡಿತ ಎಲ್ಲ ಸರಿಯಾಗಿ ಕಂಡು ಅನುಮಾನ ಬಂತು. ಪಿಸ್ತೂಲು ಈಸಿಕೊಂಡು ಗಾಜನ್ನು ಹೆಬ್ಬೆರಳಿನಿಂದ ಒತ್ತಿದ. ಬೀಳುವ ಹಲ್ಲು ಅಲುಗಿದ ಹಾಗೆ ಅಲುಗಿತು. ಆದರೆ ತನ್ನ ಪಿಸ್ತೂಲನ್ನು ಸುಸ್ಥಿತಿಯಲ್ಲಿ ತರುವುದು ಅಭ್ಯರ್ಥಿಯ ಹೊಣೆ ಎಂದು ನಿಯಮ. ಅವನು ಮರುಗುತ್ತಲೇ ಅನುತ್ತೀರ್ಣ ಎಂದು ಬರೆದ.

ಶನಿವಾರ ನೆಲ್ಡಾ ಅಂಗಡಿಗೆ ಬಂದಾಗ ಬೆಂಚಿನ ಮೂವರೂ ಇದ್ದರು, ಬಿಸ್ಕೆಟ್ಟೂ ಇತ್ತು. ಅವಳು ಖಾಲಿ ಪಿಸ್ತೂಲನ್ನು ಕೌಂಟರಿನ ಮೇಲೆ, ಡೆಲ್ಬರ್ಟನ ಹಾಳೆಯ ಪಕ್ಕದಲ್ಲೇ ಇಟ್ಟು, ಒಂದೇ ಬೆರಳಿನಿಂದ ಗಾಜನ್ನು ತಳ್ಳಿದಳು. ಅದು ಟಕಟಕ ಅಂದಿತು. ಇಪ್ಪತ್ತೆರಡು ಬಂತು, ಕೆಲಸ ಹೋಯಿತು ಎಂದಳು.

ಡೆಲ್ಬರ್ಟನಿಗೆ ಕೂಡಲೇ ಎಲ್ಲ ಅರ್ಥವಾಯಿತು. ಆಗ ಅವನಿಗೆ ನಾಚಿಕೆಯಾಗಬೇಕಿತ್ತು, ಮರುಕವಾದರೂ ಆಗಬೇಕಿತ್ತು. ಆದದ್ದು ಸಂತೋಷ. ಗುರುವಾರ ಕೆಟ್ಟದ್ದು ಕಣ್ಣಲ್ಲ, ಸ್ಕ್ರೂ. ಎರಡು ರಾತ್ರಿ ನಿದ್ದೆಗೆಡಿಸಿದ್ದ ಆ ಕುರ್ಚಿ ಮನಸ್ಸಿನಿಂದ ದೂರ ಸರಿಯಿತು, ಅವನ ಮುಖ ತಾನಾಗಿ ಅರಳಿತು. ಒಬ್ಬ ಹೆಂಗಸಿನ ಅನ್ನ ಕಳೆದು ಅವಳೆದುರಿಗೇ ಹಲ್ಲು ಬಿಡುವುದು ಎಲ್ಲರ ಕೈಲಾಗುವ ಕೆಲಸವಲ್ಲ.

“ನಗ್ತಿದೀರಾ, ಮಿಸ್ಟರ್ ಡೆಲ್ಬರ್ಟ್?” ಎಂದಳು ನೆಲ್ಡಾ.

ಇಲ್ಲವೆಂದು ತಲೆಯಾಡಿಸಿದ.

“ಗುರುವಾರ ನಿಮ್ಮದೂ ಕೆಳಗೇ ಬಿತ್ತು, ಅಲ್ವಾ? ಹಾಳೆ ಮಡಚಿ ಇಟ್ಕೊಂಡಾಗ್ಲೇ ನಾನು ಕೇಳ್ಬೇಕಿತ್ತು.”

ಬೆಂಚಿನವರು ತಮ್ಮ ತಟ್ಟೆಗಳನ್ನು ನೋಡಿಕೊಂಡರು. ಆ ಟಕ್ಕೆನ್ನುವ ತಿರುಪುಳಿ ತೆಗೆಯಿರಿ, ನನ್ನ ಕಣ್ಣೆದುರಿಗೇ ಬಿಗಿಯಿರಿ ಎಂದಳು ಅವಳು. ರಸ್ಟಿಯೇ ಎದ್ದುಹೋಗಿ ಪೆಟ್ಟಿಗೆಯ ಅಂಟು ಹರಿದು ತಂದುಕೊಟ್ಟ. ಡೆಲ್ಬರ್ಟ್ ಅಂಟಿನ ಹನಿ ಹಾಕಿ ಮೊದಲ ಸ್ಕ್ರೂ ಬಿಗಿದ, ಟಕ್ಕೆಂದಿತು. ಎರಡನೆಯದು ಬಿಗಿದ, ಟಕ್ಕೆಂದಿತು. ಮೂವತ್ತು ವರ್ಷದ ಮಣಿಕಟ್ಟು ಅಷ್ಟರಲ್ಲಿ ಬೆವತಿತ್ತು.

ನೆಲ್ಡಾ ಚೀಲದಿಂದ ಕಿತ್ತಳೆ ಬಣ್ಣದ ಸೀಸೆ ತೆಗೆದು, ಬಲಗಡೆಯ ಸ್ಕ್ರೂ ಮೇಲೆ ಗೆರೆ ಎಳೆದಳು. ಕುಂಚವನ್ನು ಮತ್ತೆ ಸೀಸೆಗೆ ಅದ್ದುತ್ತ, ನೇರವಾಗಿದೆಯೇ ನೋಡಿ ಎಂದಳು.

ಡೆಲ್ಬರ್ಟ್ ಬಗ್ಗಿದ. ಈಗ ಅವನಿಗೆ ತನ್ನ ಕಣ್ಣಿನ ಬಗ್ಗೆ ಅನುಮಾನವಿರಲಿಲ್ಲ. ಹಿಂದೆ ಮುಂದೆ ಸರಿದು, ಬಲ್ಲವನ ಗತ್ತಿನಲ್ಲಿ ನೋಡಿದ. ಕಿತ್ತಳೆ ಬಣ್ಣದ ಒಂದು ಹತ್ತಿಯ ಉಂಡೆ ಕಂಡಿತು.

“ಎರಡೂ ನೇರವಾಗಿವೆ” ಎಂದ.

ನೆಲ್ಡಾಳ ಕೈ ಸೀಸೆಯ ಮೇಲೆಯೇ ನಿಂತಿತು. ಎಡಗಡೆಯ ಸ್ಕ್ರೂಗೆ ಅವಳು ಇನ್ನೂ ಗೆರೆ ಎಳೆದಿರಲಿಲ್ಲ. ಬೆಂಚಿನವರಲ್ಲಿ ಒಬ್ಬ ಕತ್ತು ಚಾಚಿ ಪಿಸ್ತೂಲನ್ನು ನೋಡಿದ, ಆಮೇಲೆ ಡೆಲ್ಬರ್ಟನ ಮುಖ ನೋಡಿದ. ಅವಳು ಎರಡನೆಯ ಗೆರೆಯನ್ನು ಎಳೆದು, ಊದಿ ಆರಿಸಿ, ಪಿಸ್ತೂಲನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ರಸ್ಟಿ ಕೌಂಟರಿನ ಈಚೆಗೆ ಬಂದು ಗಾಜಿಗೆ ಅಂಟಿಸಿದ್ದ ಹಾಳೆಯನ್ನು ಕಿತ್ತ. ಡೆಲ್ಬರ್ಟ್ ಅವನತ್ತ ತಿರುಗಿ, ಅದರಲ್ಲಿ ಏನಾದರೂ ತಪ್ಪು ಬರೆದಿದ್ದೇನೆಯೇ, ಸ್ವಲ್ಪ ಓದಿ ಹೇಳು ಎಂದ.