ಕಿವಿಯಲ್ಲಿ ಹೇಳಬೇಕಿದ್ದ ಹೆಸರು

ಮಗ ಹುಟ್ಟಿದರೆ ಅವನಿಗೆ ಪ್ರಭಾಕರ ಎಂದು ಹೆಸರಿಡಬೇಕೆಂದು ನಾನು ಮದುವೆಗೂ ಮೊದಲೇ ಯೋಚಿಸಿಟ್ಟಿದ್ದೆ. ಅರವತ್ತರ ದಶಕ ಶುರುವಾಗುವ ಹೊತ್ತಿಗೆ ನಮ್ಮ ಕಡೆ ಆ ಹೆಸರು ತುಂಬ ಬಳಕೆಯಲ್ಲಿತ್ತು. ಮದುವೆಯಾಗಿ ಭಟ್ಕಳಕ್ಕೆ ಬಂದ ಮೇಲೆ ನೋಡಿದೆ, ನಮ್ಮ ಕೇರಿಯಲ್ಲಿ ಯಾರಾದರೂ ಬಾಗಿಲಲ್ಲಿ ನಿಂತು ‘ಪ್ರಭಾಕರಾ’ ಎಂದರೆ ಎರಡು ಮೂರು ಕಡೆಯಿಂದ ಉತ್ತರ ಬರುತ್ತಿತ್ತು. ಅಂಗಡಿಯವರ ಮಗ ಪ್ರಭಾಕರ, ಪೋಸ್ಟಿನವರ ಮಗ ಪ್ರಭಾಕರ. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಕೇರಿ ದಾಟಿ ಹೋಗುವ ಹೆಂಗಸಿನ ಸೊಂಟದ ಮೇಲೆ ಕೂತಿರುತ್ತಿದ್ದ ಮಗುವೂ ಪ್ರಭಾಕರನೇ.

ಇಷ್ಟು ಜನರಿಗೆ ಇರುವ ಹೆಸರು ನನ್ನ ಮಗನಿಗೂ ಯಾಕೆ ಎಂದು ಯಾರಾದರೂ ಕೇಳಬಹುದು. ಇಷ್ಟು ಜನರಿಗೆ ಇರುವುದರಿಂದಲೇ ನನಗೆ ಅದು ಬೇಕಾಗಿತ್ತು. ನನಗೆ ಇಟ್ಟಿದ್ದು ಅಪ್ಪನ ಅಜ್ಜಿಯ ಹೆಸರು. ಹೊನ್ನಾವರದ ಕಾನ್ವೆಂಟಿನಲ್ಲಿ ಹಾಜರಿ ಕರೆಯುವಾಗ ಸಿಸ್ಟರ್ ಅವರ ಪೆನ್ಸಿಲು ನನ್ನ ಹೆಸರಿನ ಹತ್ತಿರ ಬಂದು ನಿಲ್ಲುತ್ತಿತ್ತು. ಒಂದು ದಿನ ಅವರು ಅದನ್ನು ಅರ್ಧಕ್ಕೆ ಕತ್ತರಿಸಿ ಓದಿದರು. ಮನಸ್ಸಿನಲ್ಲಿ ಏನನ್ನೋ ಇಟ್ಟುಕೊಂಡು ಮಾಡಿದ್ದಲ್ಲ, ನಾಲಗೆಗೆ ಅಷ್ಟೇ ದಕ್ಕಿತು. ಆಮೇಲೆ ಹುಡುಗಿಯರಿಗೆಲ್ಲ ನಾನು ಆ ಅರ್ಧವೇ ಆದೆ.

ಪ್ರಭಾಕರ ಎಂಬುದರ ಅರ್ಥ ನನಗೆ ತಿಳಿದದ್ದೂ ಅಲ್ಲಿಯೇ. ಕನ್ನಡಕ್ಕೆ ಹೊರಗಿನಿಂದ ಒಬ್ಬ ಪಂಡಿತರು ಬರುತ್ತಿದ್ದರು. ಕೊಡೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಪಾಠ ಶುರು ಮಾಡುತ್ತಿದ್ದರು. ಸೂರ್ಯನ ಹೆಸರುಗಳನ್ನು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು: ದಿನಕರ, ದಿವಾಕರ, ಪ್ರಭಾಕರ, ಭಾಸ್ಕರ. “ಕರ ಅಂದ್ರೆ ಮಾಡುವವನು. ಪ್ರಭಾ ಅಂದ್ರೆ ಬೆಳಕು. ಬೆಳಕು ಮಾಡುವವನು ಪ್ರಭಾಕರ. ಭಾಸ್ಕರ ಅಂದ್ರೂ ಅದೇ.”

ಹಿಂದಿನ ಬೆಂಚಿನವಳೊಬ್ಬಳು ಎದ್ದು ನಿಂತು, “ಹಂಗಾದ್ರೆ ಸರ್, ಸಂಜೆಗೆ ಬೀದಿ ದೀಪ ಹಚ್ಚಲಿಕ್ಕೆ ಬರೂದು ಯಾರು?” ಎಂದಳು.

“ಅವನ ಹೆಸರು ಕೇಳಿ ನೋಡು. ಪ್ರಭಾಕರನೇ ಇದ್ರೂ ಇರಬಹುದು,” ಎಂದರು ಪಂಡಿತರು, ನಗದೆ.

ಭಟ್ಕಳದ ಮನೆಯಲ್ಲಿ ನನ್ನ ಯೋಚನೆ ಸುಲಭಕ್ಕೆ ನಡೆಯುವಂತಿರಲಿಲ್ಲ. ಹಿರಿಯ ಮಗನ ಹಿರಿಯ ಮಗನಿಗೆ ಅಜ್ಜನ ಹೆಸರು, ಇದು ಅಲ್ಲಿಯ ಕ್ರಮ. ನನ್ನ ಮಾವ ತೀರಿಹೋಗಿ ಆಗಿನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಅವರ ಹೆಸರು ಚೌತಿಯ ದಿನ ಮನೆಮನೆಗೆ ಬರುವ ದೇವರದು. ಈಗಲೂ ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಗಂಡನ ಹೆಸರು, ಮಾವನ ಹೆಸರು ಹೆಂಗಸರ ಬಾಯಲ್ಲಿ ಬರಬಾರದು. ಅತ್ತೆಯವರಂತೂ ದೇವರನ್ನು ಕೂಡ ‘ಸೊಂಡಿಲಿನವನೇ, ಕಾಪಾಡು’ ಎಂದೇ ಬೇಡುತ್ತಿದ್ದರು.

ನನ್ನ ಯಜಮಾನರಿಗೂ ಅವರ ಅಜ್ಜನ ಹೆಸರನ್ನೇ ಇಟ್ಟಿದ್ದರು. ಅದು ಅತ್ತೆಯವರಿಗೆ ಮಾವನ ಹೆಸರು. ಹಾಗಾಗಿ ಹೆತ್ತ ಮಗನನ್ನು ಅವರು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ತೊಟ್ಟಿಲಲ್ಲಿದ್ದಾಗ ಮಾಣಿ, ಅಂದರೆ ಹುಡುಗ, ಶಾಲೆಗೆ ಹೋಗುವಾಗ ಮಾಣಿ, ಮಾಮಲೇದಾರ ಕಚೇರಿಯಲ್ಲಿ ಗುಮಾಸ್ತರಾದ ಮೇಲೂ ಮಾಣಿ. ಮರೆತುಹೋದ ಬುತ್ತಿಯನ್ನು ಹಿಡಿದು ಅವರು ಗೇಟಿನಿಂದ “ಏ ಮಾಣೀ” ಎಂದು ಕೂಗಿದರೆ, ಜತೆಗೆ ಹೊರಟ ಜವಾನನು ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

ನನ್ನ ಮಗನಿಗೂ ಅಜ್ಜನ ಹೆಸರು ಬಂದರೆ ನನ್ನದೂ ಅದೇ ಗತಿ. ನಾನು ಸಾಯುವವರೆಗೂ ಅವನು ನನ್ನ ಪಾಲಿಗೆ ಮಾಣಿ. ನನಗೆ ನನ್ನ ಮಗನನ್ನು ಪೂರ್ತಿ ಹೆಸರಿನಿಂದ ಕರೆಯಬೇಕಾಗಿತ್ತು.

ಬಾಣಂತನಕ್ಕೆಂದು ಕುಮಟೆಯ ತವರಿಗೆ ಹೋಗುವ ಮೊದಲು ಇದನ್ನು ಯಜಮಾನರಿಗೆ ಹೇಳಿದೆ. ಅವರು ಒಂದು ದಾರಿ ಹುಡುಕಿದರು. ನಾಮಕರಣದಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ಬರೆಯುವ ಹೆಸರು ಅಜ್ಜನದಾಗಲಿ. ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಮಗುವಿನ ಕಿವಿಯಲ್ಲಿ ಹೇಳುವ ಹೆಸರು, ಅಂದರೆ ಕರೆಯುವ ಹೆಸರು, ನನ್ನಿಷ್ಟದ್ದಾಗಲಿ. ಅವರು ಹೋಗಿ ಹೇಳಿದಾಗ ಅತ್ತೆಯವರು, “ಆತು. ಕಾಲ ಹಾಂಗೇ ಇದ್ದು,” ಎಂದರು. ಯಾವ ಹೆಸರು ಎಂದು ಕೇಳಲಿಲ್ಲ. ಕೇಳಬಾರದು ಕೂಡ. ಮಗುವಿನ ಕಿವಿಗೆ ಬೀಳುವ ಮೊದಲು ಆ ಹೆಸರು ತಂದೆತಾಯಿಯ ಹೊರತು ಬೇರೆಯವರಿಗೆ ತಿಳಿಯಬಾರದು ಎಂಬುದು ನಮ್ಮಲ್ಲಿಯ ನಂಬಿಕೆ. ಎಡವಟ್ಟಾದದ್ದು ಅಲ್ಲಿಯೇ.

ಮಗನೇ ಹುಟ್ಟಿದ. ಹನ್ನೆರಡನೆಯ ದಿನ ನಾಮಕರಣಕ್ಕೆ ಎಲ್ಲರೂ ಕುಮಟೆಗೆ ಬಂದರು. ಯಜಮಾನರ ಅಕ್ಕ, ನಾನು ಅತ್ತಿಗೆ ಎನ್ನುತ್ತಿದ್ದವರು, ಮಂಕಿಯ ಗಂಡನ ಮನೆಯಿಂದ ತಮ್ಮ ಮಾವನ ಜತೆಗೆ ಲಾಂಚಿನಲ್ಲಿ ಹೊಳೆ ದಾಟಿ ಬಂದಿದ್ದರು. ಅವರ ಸೀರೆಯ ಅಂಚು ಒಂದು ಗೇಣು ಒದ್ದೆಯಾಗಿತ್ತು. ಅವರ ಮಾವನನ್ನು ನಾವೆಲ್ಲರೂ ಮಂಕಿ ಅಜ್ಜ ಎನ್ನುತ್ತಿದ್ದೆವು. ಅಜ್ಜ ಜಗಲಿಯಲ್ಲಿ ಕಂಬಕ್ಕೆ ಒರಗಿ ಎಲೆಯಡಿಕೆಗೆ ಕೂತರು. ಅತ್ತೆಯವರು ವಿಧವೆಯಾದ್ದರಿಂದ, ಆ ಕಾಲದ ರೂಢಿಯಂತೆ, ತೊಟ್ಟಿಲಿನ ಹತ್ತಿರ ಬಾರದೆ ಒಳಬಾಗಿಲಿನ ಆಚೆ ನಿಂತರು.

ಪುರೋಹಿತರ ಕೆಲಸವೆಲ್ಲ ಮುಗಿದ ಮೇಲೆ ಅತ್ತಿಗೆ ಮಗುವನ್ನು ತೊಟ್ಟಿಲಿಗೆ ಹಾಕಿದರು. ನಾನು ಅವರ ಕಿವಿಯಲ್ಲಿ ಹೆಸರು ಹೇಳಿದೆ. ಅವರು ತೊಟ್ಟಿಲಿಗೆ ಬಗ್ಗಿದರು. ಬಗ್ಗಿಯೇ ಇದ್ದರು. ಹೆಸರು ಹೇಳಿದೊಡನೆ ಅವರ ಬೆನ್ನಿಗೆ ಮೆಲ್ಲಗೆ ಗುದ್ದುವ ಶಾಸ್ತ್ರಕ್ಕೆ ಕೈ ಎತ್ತಿದ್ದ ಹೆಂಗಸರು ಕೈ ಎತ್ತಿಕೊಂಡೇ ಕಾಯ್ದರು.

“ಯಂಗೆ ಹೇಳಲೆ ಬತ್ತಿಲ್ಲೆ,” ಎಂದರು ಅತ್ತಿಗೆ, ತಲೆ ಎತ್ತದೆ. ತನಗೆ ಹೇಳಲು ಬಾರದು ಎಂದು.

“ಎಂತಕ್ಕೆ?” ಎಂದೆ ನಾನು.

ಅವರು ಜಗಲಿಯ ಕಡೆ ಕಣ್ಣು ತೋರಿಸಿದರು. ಮಂಕಿ ಅಜ್ಜನ ಹೆಸರು ಪ್ರಭಾಕರ ಎಂದು ನನಗೆ ತಿಳಿದದ್ದು ಆಗ. ಅತ್ತಿಗೆಯ ಮದುವೆಯಾದಾಗ ಯಜಮಾನರು ಚಡ್ಡಿ ಹಾಕುವ ಹುಡುಗ. ಅವರಿಗೂ ಅಜ್ಜ ಬರೀ ಮಂಕಿ ಅಜ್ಜ. ಆ ಹೆಸರು ಗೊತ್ತಿದ್ದವರೆಂದರೆ ಅತ್ತೆಯವರು, ಅವರನ್ನು ನಾವು ಕೇಳಿರಲಿಲ್ಲ.

ಒಳಬಾಗಿಲಿನಿಂದ ಅತ್ತೆಯವರು ಮಗಳಿಗೆ, “ಹಾಂಗಾರೆ ಅಪ್ಪಯ್ಯನ ಹೆಸ್ರೇ ಹೇಳು ತಂಗಿ. ಅದು ನಿಂಗೆ ಬತ್ತಲ್ಲ,” ಎಂದರು. ಅದು ನಿಜ. ಮಗಳಿಗೆ ಅಪ್ಪನ ಹೆಸರು ಹೇಳಲು ಅಡ್ಡಿಯಿಲ್ಲ. ಅತ್ತಿಗೆ ನನ್ನ ಮುಖ ನೋಡಿದರು. ನಾನು ತೊಟ್ಟಿಲಿನ ಹಗ್ಗ ಹಿಡಿದುಕೊಂಡೆ.

“ಎಂತ ಆತು ಅಲ್ಲಿ?” ಜಗಲಿಯಿಂದ ಅಜ್ಜ ಕೇಳಿದರು. ಯಜಮಾನರೇ ಹೋಗಿ ತಿಳಿಸಿದರು.

ಅಜ್ಜ ಎದ್ದು ಬಾಗಿಲಿಗೆ ಬಂದರು. “ಅಷ್ಟೆಯಾ? ಹೇಳು ತಂಗಿ, ಎಂತೂ ಆಗ್ತಿಲ್ಲೆ. ಬೇಕಾದ್ರೆ ಆನು ಕಿವಿ ಮುಚ್ಕತ್ತೆ,” ಎಂದು ಸುಣ್ಣ ಹತ್ತಿದ ಬೆರಳುಗಳನ್ನೇ ಕಿವಿಗೆ ಒತ್ತಿಕೊಂಡರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅತ್ತಿಗೆ ಮತ್ತೊಮ್ಮೆ ಬಗ್ಗಿದರು. ತುಟಿ ಕೂಡಿತು, ಬಿಡಲಿಲ್ಲ. “ಇಲ್ಲೆ ಮಾವಯ್ಯ,” ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು.

ಅಪ್ಪಣೆ ಕೊಟ್ಟರೂ ಬಾಯಿ ಬಾರದು ಎಂಬುದು ನನಗೂ ಗೊತ್ತಿದ್ದ ಸಂಗತಿ. ಆಗ ನೆನಪಾದದ್ದು ಕಿಟಕಿಗೆ ಸಿಕ್ಕಿಸಿದ್ದ ಪಂಡಿತರ ಕೊಡೆ.

“ಅತ್ತಿಗೆ, ಭಾಸ್ಕರ ಹೇಳಲೆ ಬತ್ತಾ? ಅರ್ಥ ಅದೇ,” ಎಂದೆ.

ಅವರು ಕಣ್ಣು ಮುಚ್ಚಿ, ಮಂಕಿಯ ಮನೆಯ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡರು. ಮಾವ, ಭಾವಂದಿರು, ಮಾವನ ತಮ್ಮಂದಿರು. “ನಮ್ಮನೇಲಿ ಯಾರೂ ಇಲ್ಲೆ,” ಎಂದರು. ನಾನು ನನ್ನ ಗಂಡನ ಕಡೆಯವರನ್ನು ನೆನೆಸಿದೆ. ಭಟ್ಕಳದ ಮನೆಯಲ್ಲಿಯೂ ಇರಲಿಲ್ಲ.

ಆಗ ಒಳಬಾಗಿಲಿನ ಆಚೆಯಿಂದ, ಮೆಲ್ಲಗೆ, ಬಿಸಿ ಹಾಲನ್ನು ನಾಲಗೆಗೆ ತಾಗಿಸಿ ನೋಡುವವರ ಹಾಗೆ ಅತ್ತೆಯವರು, “ಭಾಸ್ಕರ,” ಎಂದರು. ಆಮೇಲೆ, “ಯಂಗೂ ಬತ್ತು,” ಎಂದರು.

ಅತ್ತಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೇಳಿದರು. ಕಾಯುತ್ತಿದ್ದ ಕೈಗಳೆಲ್ಲ ಅವರ ಬೆನ್ನಿಗೆ ಬಿದ್ದವು.

ಭಾಸ್ಕರ ಎಂಬ ಹೆಸರೂ ಆ ವರ್ಷಗಳಲ್ಲಿ ಕಡಿಮೆ ಬಳಕೆಯದೇನಲ್ಲ. ಅವನನ್ನು ಶಾಲೆಗೆ ಹಾಕುವ ಹೊತ್ತಿಗೆ ಅದೇ ತರಗತಿಯಲ್ಲಿ ಇನ್ನೊಬ್ಬ ಭಾಸ್ಕರನಿದ್ದ. ಎತ್ತರದವನು, ಗಿಡ್ಡದವನು ಎಂದು ಮಾಸ್ತರರು ಗುರುತಿಟ್ಟುಕೊಂಡಿದ್ದರು. ನಮ್ಮದು ಗಿಡ್ಡದ್ದು. ಪಕ್ಕದ ಮನೆಯ ನವಾಯತ ಮುಸಲ್ಮಾನರ ಹೆಂಗಸು ಬೇಲಿಯ ಹತ್ತಿರ ನಿಂತು ಹೆಸರಿನ ಅರ್ಥ ಕೇಳಿದಳು. ಹೇಳಿದೆ. ಅವಳ ಕಿರಿಯ ಮಗನ ಹೆಸರಿಗೂ ಬೆಳಕು ಕೊಡುವವನು ಎಂದೇ ಅರ್ಥವಂತೆ. “ಎರಡು ಬೆಳಕೂ ನಮ್ಮ ಕೋಳಿ ಗೂಡಿನ ಹಿಂದೇ ಇರ್ತಾವೆ ನೋಡಿ,” ಎಂದಳು. ಅಲ್ಲಿ ಇಬ್ಬರೂ ಸೇರಿ ಗೋಲಿ ಆಡುತ್ತಿದ್ದರು.

ನನಗೆ ಅವನನ್ನು ಹೆಸರು ಹಿಡಿದು ಕರೆಯುವ ಸಂದರ್ಭವೇ ಹೆಚ್ಚು ಬರಲಿಲ್ಲ. ಆ ಕೆಲಸವನ್ನು ಅತ್ತೆಯವರು ತಾವೇ ತೆಗೆದುಕೊಂಡರು. ಬೆಳಿಗ್ಗೆ ಹಲ್ಲುಜ್ಜಲು, ಸ್ನಾನಕ್ಕೆ, ಊಟಕ್ಕೆ, ಸುಮ್ಮನೆ ಕೂತಲ್ಲಿಂದಲೂ ಅವರ ದನಿ ಕೇಳುತ್ತಿತ್ತು. ಸಂಜೆ ಗೇಟಿನಲ್ಲಿ ನಿಂತು, ಮೂರಕ್ಷರವನ್ನೂ ಬಿಡಿಸಿ ಬಿಡಿಸಿ, ಕೇರಿಯ ತುದಿಗೆ ಮುಟ್ಟುವಂತೆ ಕರೆಯುತ್ತಿದ್ದರು. ಒಂದು ಸಂಜೆ ಅವನು ಆಟ ಬಿಟ್ಟು, ಏದುಸಿರು ಬಿಡುತ್ತ ಓಡಿಬಂದ.

“ಎಂತಕ್ಕಜ್ಜಿ?”

“ಎಂತಕ್ಕೂ ಅಲ್ಲ. ಕರದೆ, ಅಷ್ಟೇ. ಹೋಗು, ಆಡು.”

ಅವನು ಗೊಣಗುತ್ತ ತಿರುಗಿ ಓಡಿದ. ಅವನು ಅಂಗಡಿಯ ತಿರುವು ದಾಟುವ ಮೊದಲೇ ಅವರು ಇನ್ನೊಮ್ಮೆ ಕರೆದರು.